ಕಸಿ ಮಾಡಿದ ಲಿವರ್‌ಗೂ ಹಳೇ ಆಟೋಇಮ್ಯೂನ್ ಕಾಯಿಲೆ ಬರುತ್ತಾ?

ತಂಗಿಗೆ ಆಟೋಇಮ್ಯೂನ್ ಹೆಪಟೈಟಿಸ್‌ನಿಂದ ಲಿವರ್ ಕಸಿಯಾಗಿ 3 ವರ್ಷ, ಈಗ ಎಎಲ್‌ಟಿ (ಲಿವರ್ ಕಣಗಳ ಹಾನಿ ತೋರಿಸುವ ರಕ್ತಪರೀಕ್ಷೆ) 140 ಬಂದಿದೆ, ಹಳೇ ಕಾಯಿಲೆಯೇ ಮರಳಿತಾ ಅಂತ ಕೇಳಿದ್ದೀರಿ. ಇರಬಹುದು. ಬದಲಾಗಿದ್ದು ಲಿವರ್ ಮಾತ್ರ, ಅದರ ಮೇಲೆ ಬೀಳುತ್ತಿದ್ದ ರೋಗನಿರೋಧಕ ವ್ಯವಸ್ಥೆ ಹಳೆಯದೇ. ಸುಮಾರಾಗಿ ನಾಲ್ಕೈದು ಜನರಲ್ಲಿ ಒಬ್ಬರಿಗೆ ಮರಳುತ್ತೆ, ವರ್ಷ ಕಳೆದಷ್ಟೂ ಆ ಸಾಧ್ಯತೆ ಹೆಚ್ಚು. ಆದರೆ ರಿಜೆಕ್ಷನ್ (ದೇಹ ಕಸಿಯಾದ ಲಿವರ್ ಅನ್ನು ತಿರಸ್ಕರಿಸುವುದು), ಸಿಎಂವಿ ವೈರಸ್, ಹೆಪಟೈಟಿಸ್ ಇ, ಪಿತ್ತನಾಳ ಕಿರಿದಾಗುವುದು, ಯಾವುದೋ ಮಾತ್ರೆ, ಇಷ್ಟರಲ್ಲಿ ಯಾವುದಾದರೂ ಎಎಲ್‌ಟಿ ಏರಿಸುತ್ತೆ. ಆ ಒಂದು ಅಂಕಿ ಹಿಡಿದು ತೀರ್ಮಾನ ಬೇಡ.

ಮೊದಲು ರಿಜೆಕ್ಷನ್ ತಡೆಯುವ ಔಷಧಿ ಟ್ಯಾಕ್ರೋಲಿಮಸ್ ರಕ್ತದಲ್ಲಿ ಎಷ್ಟಿದೆ ಅಂತ ಲೆವೆಲ್ ನೋಡಿಸಿ. ರಾತ್ರಿಯ ಡೋಸ್ ಆಗಿ 12 ಗಂಟೆಗೆ, ಬೆಳಗಿನ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಬೇಕು. ನುಂಗಿ ಹೋದರೆ ಲೆವೆಲ್ ಸುಳ್ಳೇ ಜಾಸ್ತಿ ಕಾಣಿಸುತ್ತೆ, ಔಷಧಿ ಸಾಕಷ್ಟಿದೆ ಅಂದುಕೊಂಡು ರಿಜೆಕ್ಷನ್ ಕಣ್ತಪ್ಪುತ್ತೆ. ಈಚೆಗೆ ರಿಫಾಂಪಿಸಿನ್ (ಕ್ಷಯದ ಔಷಧಿ) ಅಥವಾ ಫೆನಿಟಾಯಿನ್ (ಫಿಟ್ಸ್ ಔಷಧಿ) ಶುರುವಾಗಿದೆಯೇ ಅಂತಲೂ ಹೇಳಿ, ಎರಡೂ ಲೆವೆಲ್ ಇಳಿಸುತ್ತವೆ.

ಜೊತೆಗೆ ಐಜಿಜಿ (ರಕ್ತದಲ್ಲಿನ ಒಂದು ಬಗೆಯ ಪ್ರತಿಕಾಯ), ವೈರಸ್ ಪಿಸಿಆರ್, ರಕ್ತ ಹರಿವು ನೋಡುವ ಲಿವರ್‌ನ ಡಾಪ್ಲರ್ ಸ್ಕ್ಯಾನ್. ಎಎನ್‌ಎ (ಸ್ವಂತ ಕಣಗಳ ವಿರುದ್ಧದ ಪ್ರತಿಕಾಯ) ಪಾಸಿಟಿವ್ ಬಂದರೆ ಗಾಬರಿಯಾಗಬೇಡಿ, ಕಸಿಯ ನಂತರವೂ ಅದು ಹಾಗೇ ಉಳಿದಿರಬಹುದು. ಕೊನೆಗೆ ತೀರ್ಪು ಕೊಡೋದು ಬಯಾಪ್ಸಿ: ಕಾಯಿಲೆ ಮರಳಿದ್ದರೆ ಪೋರ್ಟಲ್ ಭಾಗದ (ರಕ್ತನಾಳ, ಪಿತ್ತನಾಳ ಸಾಗುವ ಜಾಗ) ಅಂಚನ್ನು ಪ್ಲಾಸ್ಮಾ ಕಣಗಳು (ಪ್ರತಿಕಾಯ ತಯಾರಿಸುವ ಕಣಗಳು) ಮುತ್ತಿ, ಪಕ್ಕದ ಲಿವರ್ ಕಣಗಳನ್ನು ಕೊರೆಯುತ್ತಿರುತ್ತವೆ. ತೊಡಕೆಂದರೆ, ಒಂದು ಬಗೆಯ ರಿಜೆಕ್ಷನ್ ಕೂಡ ಹೆಚ್ಚುಕಡಿಮೆ ಹಾಗೇ ಕಾಣುತ್ತೆ. ಹಾಗಾಗಿ ಹೋಲಿಸಿ ನೋಡಲು, ತೆಗೆದ ಹಳೇ ಲಿವರ್‌ನ ಪೆಥಾಲಜಿ ರಿಪೋರ್ಟ್ ಇದ್ದರೆ ತಪ್ಪದೆ ಒಯ್ಯಿರಿ.

ಮರಳಿದ್ದು ಖಚಿತವಾದರೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮತ್ತೆ, ಸಾಮಾನ್ಯವಾಗಿ ದಿನಕ್ಕೆ 20–30 ಮಿಲಿಗ್ರಾಂನಿಂದ ಶುರುಮಾಡಿ, ಎಎಲ್‌ಟಿ ಇಳಿದಂತೆ ನಿಧಾನವಾಗಿ 5–10ಕ್ಕೆ ತರುತ್ತಾರೆ. ಜೊತೆಗೆ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಅಜಾಥಿಯೊಪ್ರಿನ್, ದಿನಕ್ಕೆ ತೂಕದ ಕೆಜಿಗೆ 1–2 ಮಿಲಿಗ್ರಾಂ. ಇದಕ್ಕೆ ಮುಂಚೆ ಟಿಪಿಎಂಟಿ (ಈ ಔಷಧಿಯನ್ನು ದೇಹದಲ್ಲಿ ಕರಗಿಸುವ ಕಿಣ್ವ) ಪರೀಕ್ಷೆ ಆಗಿದ್ದರೆ ಒಳ್ಳೆಯದು, ಆಮೇಲೆ ಬಿಳಿ ರಕ್ತಕಣ ಎಣಿಸುತ್ತಿರಬೇಕು. ಯೂರಿಕ್ ಆಸಿಡ್‌ಗೆ ಅಲೋಪ್ಯುರಿನಾಲ್ ನಡೆಯುತ್ತಿದ್ದರೆ ಮೊದಲೇ ಹೇಳಿ, ಅಜಾಥಿಯೊಪ್ರಿನ್ ಜೊತೆ ಅದು ಸೇರಿದರೆ ಮೂಳೆಮಜ್ಜೆಯೇ ಕುಸಿಯಬಹುದು. ಬದಲಿಗೆ ಮೈಕೊಫಿನೊಲೇಟ್ ಬರೆದರೆ ಗರ್ಭಧಾರಣೆಯ ವಿಚಾರ ಮುಚ್ಚುಮರೆಯಿಲ್ಲದೆ ಮಾತಾಡಿ, ಅದು ಭ್ರೂಣಕ್ಕೆ ಹಾನಿ.

ಪಿತ್ತನಾಳಗಳನ್ನು ಹಾಳುಮಾಡುವ ಪಿಬಿಸಿ, ಪಿಎಸ್‌ಸಿ ಎಂಬ ಲಿವರ್ ಕಾಯಿಲೆಗಳು ಕೂಡ ಕಸಿಯ ನಂತರ ಮರಳಬಹುದು. ಪಿಬಿಸಿಗೆ ಉರ್ಸೊಡಿಆಕ್ಸಿಕೋಲಿಕ್ ಆಸಿಡ್ ಇದೆ, ಪಿಎಸ್‌ಸಿ ತಡೆಯುವ ಔಷಧಿ ಸದ್ಯಕ್ಕಿಲ್ಲ.

ರಿಪೋರ್ಟ್ ಬರುವವರೆಗೆ ಸ್ಟೀರಾಯ್ಡ್ ನೀವೇ ಏರಿಸಬೇಡಿ, ಸೋಂಕಿದ್ದರೆ ಕೆಡುತ್ತೆ. ಜ್ವರ ಬಂದರೆ ಅಥವಾ ಕಣ್ಣು ಹಳದಿಯಾದರೆ ಅವತ್ತೇ ಕಸಿ ತಂಡಕ್ಕೆ ಫೋನ್ ಮಾಡಿ.