ಓದುಗರ ಪ್ರಶ್ನೆ, ನಮ್ಮ ಉತ್ತರ: ಗ್ರಂಥಾಲಯದಲ್ಲಿ ಪ್ರದರ್ಶನ, ಆಟ್-ಪಾಟ್ (ಕುಣಿತ-ಹಾಡು), ಮಕ್ಕಳ ಕತೆ

ನವೆಂಬರ್‌ನ ಗ್ರಂಥಾಲಯ ಸಪ್ತಾಹ ಹತ್ತಿರವಾಗುತ್ತಿದ್ದಂತೆ ಕೊಡಗಿನ ಓದುಗರಿಂದ ಪತ್ರಗಳು ಬಂದಿವೆ. ಕಾರ್ಯಕ್ರಮ ನೋಡಲು ಹೋಗುವವರೂ ಬರೆದಿದ್ದಾರೆ, ನಡೆಸುವವರೂ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಗ್ರಂಥಾಲಯದಲ್ಲಿ ಕಾರ್ಯಕ್ರಮ ನಡೆದದ್ದು ನಮಗೆ ಗೊತ್ತಾಗುವುದು ಪತ್ರಿಕೆಯಲ್ಲಿ ಫೋಟೊ ಬಂದ ಮೇಲೆ. ಮೊದಲೇ ತಿಳಿಯುವುದು ಹೇಗೆ? ಸದಸ್ಯರಲ್ಲದವರು ಹೋಗಬಹುದೇ?
— ಗೃಹಿಣಿ, ಮಡಿಕೇರಿ

ಕೆಲವು ದಿನಗಳು ಪ್ರತಿವರ್ಷ ಬದಲಾಗುವುದಿಲ್ಲ, ಅವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಫೆಬ್ರುವರಿ 21 ಮಾತೃಭಾಷಾ ದಿನ, ಏಪ್ರಿಲ್ 23 ಪುಸ್ತಕ ದಿನ, ಆಗಸ್ಟ್ 12 ಎಸ್. ಆರ್. ರಂಗನಾಥನ್ ಅವರ ನೆನಪಿನ ಗ್ರಂಥಪಾಲಕರ ದಿನ, ನವೆಂಬರ್ 1 ರಾಜ್ಯೋತ್ಸವ, ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಇವುಗಳಿಗೆ ಹದಿನೈದು ದಿನ ಮೊದಲು ವಿಚಾರಿಸಿದರೆ ಏನು ನಡೆಯಲಿದೆ ಎಂಬುದು ಸಾಮಾನ್ಯವಾಗಿ ತಿಳಿಯುತ್ತದೆ.

ಎಲ್ಲಿ ವಿಚಾರಿಸಬೇಕು ಎಂಬಲ್ಲೇ ಹಲವರು ಎಡವುವುದು. ಜಿಲ್ಲಾ ಕೇಂದ್ರ ಗ್ರಂಥಾಲಯ ಮತ್ತು ಪಟ್ಟಣದ ಶಾಖೆಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿದವು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ಅಂದರೆ ಈಗಿನ ಅರಿವು ಕೇಂದ್ರಗಳು, 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯಡಿ ಇವೆ. ಒಂದರ ಕಾರ್ಯಕ್ರಮ ಇನ್ನೊಂದರ ಸೂಚನಾ ಫಲಕದಲ್ಲಿ ಸಿಗುತ್ತದೆಂದು ನಂಬಿ ಕೂರಬೇಡಿ. ಹಳ್ಳಿಯವರು ಪಂಚಾಯಿತಿಯಲ್ಲೂ ಗ್ರಂಥಾಲಯದ ಮೇಲ್ವಿಚಾರಕರಲ್ಲೂ ಕೇಳಿ.

ಸದಸ್ಯತ್ವ ಬೇಕಾಗುವುದು ಪುಸ್ತಕ ಮನೆಗೆ ಒಯ್ಯಲು. ಒಳಗೆ ಕೂತು ಓದಲು, ಪ್ರದರ್ಶನ ನೋಡಲು ಬೇಕಾಗಿಲ್ಲ. ಪಟ್ಟಣದಲ್ಲಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ನೀವೇ ಕಟ್ಟುತ್ತಿದ್ದೀರಿ, ಆದ್ದರಿಂದ ಕೇಳಲು ಸಂಕೋಚ ಬೇಡ. ವೇಳೆ ಕೇಳುವಾಗ ಮಹಡಿ ಹತ್ತಬೇಕೇ, ಶೌಚಾಲಯ ತೆರೆದಿರುತ್ತದೆಯೇ, ಯಾವ ವಯಸ್ಸಿನ ಮಕ್ಕಳಿಗೆ ಎಂಬುದನ್ನೂ ಕೇಳಿಕೊಳ್ಳಿ. ಅಜ್ಜ-ಅಜ್ಜಿಯರನ್ನು ಕರೆದೊಯ್ಯುವವರಿಗೆ ಭಾಷಣಕಾರರ ಪಟ್ಟಿಗಿಂತ ಈ ಮೂರು ಉತ್ತರಗಳೇ ಮುಖ್ಯ.

ಸಪ್ತಾಹದ ಪ್ರದರ್ಶನಕ್ಕೆ ನಮ್ಮ ಐನ್‌ಮನೆಯ (ಕುಟುಂಬದ ಮೂಲ ಮನೆಯ) ಹಳೆಯ ಫೋಟೊಗಳನ್ನೂ ಕೈಬರಹದ ಹಾಡಿನ ಪುಸ್ತಕವನ್ನೂ ಕೇಳಿದ್ದಾರೆ. ಮಳೆಗಾಲದಲ್ಲಿ ಎರಡಕ್ಕೂ ಬೂಷ್ಟು ಹಿಡಿದಿದೆ. ಹಾಗೇ ಕೊಡಬಹುದೇ?
— ಓದುಗರು, ಪೊನ್ನಂಪೇಟೆ

ಬೂಷ್ಟು ಇರುವಂತೆಯೇ ಕೊಡಬೇಡಿ. ಅದರ ಪುಡಿ ಗಾಳಿಯಲ್ಲಿ ಹಾರಿ ಗ್ರಂಥಾಲಯದ ಪುಸ್ತಕಗಳಿಗೂ ಹತ್ತುತ್ತದೆ. ಗಾಳಿಯ ತೇವಾಂಶ ಶೇ 65 ದಾಟಿ ಹಾಗೆಯೇ ನಿಂತರೆ ಕಾಗದದ ಮೇಲೆ ಬೂಷ್ಟು ಬೆಳೆಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗೂ ಅದಕ್ಕಿಂತ ಹೆಚ್ಚೇ ಇರುತ್ತದೆ.

ಮೊದಲ ಕೆಲಸ ಒಣಗಿಸುವುದು. ಹಸಿ ಬೂಷ್ಟನ್ನು ಉಜ್ಜಿದರೆ ಅದು ಕಾಗದದ ನಾರಿನೊಳಕ್ಕೆ ಇಳಿದು ಕಲೆಯಾಗಿ ನಿಲ್ಲುತ್ತದೆ. ಮಳೆ ಬಿಟ್ಟ ದಿನ, ಗಾಳಿಯಾಡುವ ನೆರಳಿನಲ್ಲಿ ಹಾಳೆಗಳನ್ನು ಸ್ವಲ್ಪ ಬಿಡಿಸಿಡಿ. ನೇರ ಬಿಸಿಲು ಬೇಡ, ಶಾಯಿ ಮಾಸುತ್ತದೆ, ಫೋಟೊ ಸುರುಳಿಯಾಗುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಹೊಗೆಯ ಜಿಡ್ಡು ಹೋಗುವುದಿಲ್ಲ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮೂಗಿಗೆ ಎನ್-95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಅಗಲ ಬ್ರಷ್ಷಿನಿಂದ ಹೊಲಿಗೆಯ ಕಡೆಯಿಂದ ಅಂಚಿನ ಕಡೆಗೆ ಗುಡಿಸಿ. ಒದ್ದೆ ಬಟ್ಟೆ, ಡೆಟಾಲ್, ಸ್ಪಿರಿಟ್ ಯಾವುದನ್ನೂ ಮುಟ್ಟಿಸಬೇಡಿ. ಕನ್ನಡಿ ಗಾಜಿಗೆ ಅಂಟಿಕೊಂಡ ಫೋಟೊವನ್ನು ಎಳೆಯಲೇಬೇಡಿ, ಎಳೆದರೆ ಚಿತ್ರದ ಪದರವೇ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ.

ಪ್ರದರ್ಶನಕ್ಕೆ ಪ್ರತಿ ಕೊಟ್ಟು ಮೂಲವನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಬೇಕು. 3 ಇಂಚು ಅಗಲದ ಫೋಟೊವನ್ನು 12 ಇಂಚಿಗೆ ಹಿಗ್ಗಿಸುವುದಾದರೆ ನಾಲ್ಕು ಪಟ್ಟು, ಅಂದರೆ 1200 ಡಿಪಿಐಗೆ ಸ್ಕ್ಯಾನ್ ಮಾಡಬೇಕು. ಅಂಗಡಿಯವರು ರೂಢಿಯಂತೆ 200ಕ್ಕೆ ಮಾಡಿಕೊಟ್ಟರೆ ಹಿಗ್ಗಿಸಿದಾಗ ಮುಖ ಮಸುಕಾಗುತ್ತದೆ. ಸ್ಕ್ಯಾನರ್ ಸಿಗದಿದ್ದರೆ ಕಿಟಕಿಯ ಪಕ್ಕ ನೆರಳಿನಲ್ಲಿಟ್ಟು, ಫ್ಲಾಶ್ ಇಲ್ಲದೆ, ಮೊಬೈಲನ್ನು ಸಮಾನಾಂತರವಾಗಿ ಹಿಡಿದು ತೆಗೆಯಿರಿ. ದಾಖಲೆ ಸ್ಕ್ಯಾನ್ ಮಾಡುವ ಆ್ಯಪ್‌ಗಳು ಕಪ್ಪು-ಬಿಳುಪಿನ ನಡುವಿನ ಬೂದು ಛಾಯೆಗಳನ್ನು ನುಂಗಿಬಿಡುತ್ತವೆ, ಸಾದಾ ಕ್ಯಾಮೆರಾ ಸಾಕು.

ಕೈಬರಹದ ಪುಸ್ತಕವನ್ನೇ ತೋರಿಸಬೇಕೆಂದಿದ್ದರೆ ಬೀಗವಿರುವ ಗಾಜಿನ ಪೆಟ್ಟಿಗೆ ಬೇಕು. ಪುಸ್ತಕವನ್ನು ಪೂರ್ತಿ ಮಲಗಿಸಿ ತೆರೆದಿಟ್ಟರೆ ಬೆನ್ನು ಮುರಿಯುತ್ತದೆ. ಎರಡು ಕಡೆ ಆಸರೆ ಕೊಟ್ಟು ಅರೆ ತೆರೆದಂತೆ ಇಡಿಸಿ. ಪೆಟ್ಟಿಗೆಯೊಳಗೆ ದೀಪ ಬೇಡ, ಕಾಗದದ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಅದರ ಬಣ್ಣ ತಿರುಗಿದೊಡನೆ ಬದಲಿಸಬೇಕು. ಸೆಲೊಟೇಪ್, ಸ್ಟೇಪ್ಲರ್ ಪಿನ್, ಲ್ಯಾಮಿನೇಷನ್ ಮೂರಕ್ಕೂ ಒಪ್ಪಬೇಡಿ. ಲ್ಯಾಮಿನೇಷನ್ ಮಾಡಿದ ಹಾಳೆಯನ್ನು ಮತ್ತೆ ಬಿಡಿಸಲಾಗದು.

ಕೊಡುವಾಗ ರಸೀದಿ ಪಡೆಯಿರಿ. ಎಷ್ಟು ಹಾಳೆ, ಎಲ್ಲೆಲ್ಲಿ ಹರಿದಿದೆ, ಯಾವ ದಿನ ವಾಪಸ್ಸು, ಬೀಗದ ಕೈ ಯಾರ ಬಳಿ, ಇಷ್ಟೂ ಅದರಲ್ಲಿರಲಿ. ಚಿತ್ರವನ್ನು ಅಂತರ್ಜಾಲಕ್ಕೆ ಹಾಕುವ ಒಪ್ಪಿಗೆ ಬೇರೆಯದೇ, ಅದನ್ನು ಪ್ರತ್ಯೇಕವಾಗಿ ಬರೆಸಿ.

ಫೋಟೊದ ಕೆಳಗಿನ ಬರಹದ ಬಗ್ಗೆ ನಮ್ಮದೊಂದು ಒತ್ತಾಯವಿದೆ. ಒಕ್ಕದ (ಮನೆತನದ) ಹೆಸರು, ಊರು, ಸುಮಾರು ಇಸವಿ, ಎಡದಿಂದ ಬಲಕ್ಕೆ ನಿಂತವರ ಹೆಸರು ಬರೆಯುತ್ತೀರಿ, ಸರಿ. ಹಿಂದೆ, ಅಂಚಿನಲ್ಲಿ ನಿಂತ ಎರವ, ಕುರುಬ ಬುಡಕಟ್ಟುಗಳ ಕೆಲಸಗಾರರ ಹೆಸರನ್ನೂ ಹಿರಿಯರಲ್ಲಿ ಕೇಳಿ ಬರೆಯಿರಿ. ಅವರೂ ಆ ಗದ್ದೆ, ಆ ತೋಟದ ಚರಿತ್ರೆಯೇ. ‘ಆಳುಗಳು’ ಎಂದು ಬರೆದು ಬಿಡುವುದು ತಪ್ಪು. ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.

ಗ್ರಂಥಾಲಯದಲ್ಲಿ ಬಾಳೋಪಾಟ್, ಉಮ್ಮತ್ತಾಟ್ ನಡೆಸುವ ಯೋಚನೆಯಿದೆ. ಜಾಗ, ಮೈಕ್, ಅನುಮತಿ ಹೇಗೆ?
— ಯುವಕ ಸಂಘದ ಕಾರ್ಯದರ್ಶಿ, ನಾಪೋಕ್ಲು

ಬಾಳೋಪಾಟ್ ದುಡಿ (ಕೈಯಲ್ಲಿ ಹಿಡಿಯುವ ಚಿಕ್ಕ ಚರ್ಮವಾದ್ಯ) ಬಾರಿಸುತ್ತ ಹಾಡುವ ಕೊಡವರ ಹಾಡು, ಅದಕ್ಕೆ ನಾಲ್ವರು, ನಾಲ್ಕು ದುಡಿ ಸಾಕು. ಐವತ್ತು-ಅರವತ್ತು ಜನ ಕೂರುವ ಕೋಣೆಯಲ್ಲಿ ಮೈಕ್ ಬೇಕಾಗಿಲ್ಲ. ಹಾಕಿದರೆ ದುಡಿಯ ಸದ್ದು ಮಾತನ್ನು ಮುಚ್ಚುತ್ತದೆ. ಗಾಳಿ ತೇವವಾದಾಗ ದುಡಿಯ ಚರ್ಮ ಸಡಿಲಗೊಂಡು ನಾದ ಇಳಿಯುವುದರಿಂದ ಆರಂಭಕ್ಕೆ ಮೊದಲು ಸ್ವಲ್ಪ ಶಾಖ ತೋರಿಸಲು ಹೊರಗೆ ಏರ್ಪಾಡು ಬೇಕು. ಪುಸ್ತಕವಿರುವ ಕಟ್ಟಡದೊಳಗೆ ಕೆಂಡ ತರಬೇಡಿ.

ಹೆಂಗಸರು ಸುತ್ತು ಕಟ್ಟಿ ಕುಣಿಯುವ ಉಮ್ಮತ್ತಾಟ್ ಲೆಕ್ಕ ಬೇರೆ. ಹನ್ನೆರಡು ಮಂದಿ ಸುತ್ತು ಕಟ್ಟಿದರೆ ತಲಾ 5 ಅಡಿಯಂತೆ ಸುತ್ತಳತೆ 60 ಅಡಿ, ವೃತ್ತದ ಅಗಲ ಸುಮಾರು 19 ಅಡಿ. ಹೊರಗೆ ಮೂರು ಅಡಿ ಓಡಾಟಕ್ಕೆ ಬಿಟ್ಟರೆ 25 ಅಡಿ ಚೌಕ ಬೇಕು. ಹೆಚ್ಚಿನ ವಾಚನಾಲಯಗಳಲ್ಲಿ ಮೇಜು ಸರಿಸಿದರೂ ಇಷ್ಟು ಸಿಗುವುದಿಲ್ಲ, ಅಂಗಳವೇ ಸರಿ. ಟೈಲ್ಸ್ ನೆಲವಾದರೆ ಒದ್ದೆ ಚಪ್ಪಲಿಯವರನ್ನು ಆ ಕಡೆ ಬಿಡಬೇಡಿ, ಬರಿಗಾಲು ಜಾರುತ್ತದೆ.

ಧ್ವನಿವರ್ಧಕಕ್ಕೆ ಪೊಲೀಸರಿಂದ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವಾಗುವುದುಂಟು, ಅರ್ಜಿ ಹಾಕುವ ಮೊದಲು ನಿಮ್ಮ ಕಟ್ಟಡ ಅದರೊಳಗೆ ಬರುತ್ತದೆಯೇ ನೋಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ಆ ಮೇಜೇ ಗತಿ. ಅವರ ವೇಳೆ ಕಸಿಯದಂತೆ ಹೊತ್ತು ಗೊತ್ತುಮಾಡಿ, ಮೂರು ದಿನ ಮೊದಲೇ ಬಾಗಿಲಿಗೆ ಬರೆದು ಅಂಟಿಸಿ.

ಹಾಡು ಮುಗಿದ ಜಾಗದಲ್ಲೇ ಒಂದು ಮೇಜಿನ ಮೇಲೆ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಹೊರತಂದ ಕೊಡವ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಯನ್ನು ತೆರೆದಿಡಿ. ಅಂದು ಹಾಡಿದ್ದು ಅದರಲ್ಲಿದ್ದರೆ ಆ ಪುಟಕ್ಕೆ ಚೀಟಿ ಇಟ್ಟಿರಲಿ. ಕಿವಿಯಲ್ಲಿ ಹಾಡು ಇರುವಾಗಲೇ ಪುಟ ಕಣ್ಣಿಗೆ ಬಿದ್ದರೆ ಓದದೆ ಇರಲಾಗುವುದಿಲ್ಲ. ಸಭಾಂಗಣದಲ್ಲಿ ಮಾಡದೆ ಗ್ರಂಥಾಲಯದಲ್ಲಿ ಮಾಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನಮಗೆ ಕಾಣದು.

ಕೊಡಗಿನ ಗೌರಮ್ಮನವರ ಕತೆಯೊಂದನ್ನು ಮಕ್ಕಳಿಂದ ನಾಟಕ ಮಾಡಿಸಬೇಕು. ಯಾರ ಅನುಮತಿ ಬೇಕು?
— ಶಿಕ್ಷಕಿ, ಸೋಮವಾರಪೇಟೆ

ಕತೆಗೆ ಬೇಕಾಗಿಲ್ಲ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಗೌರಮ್ಮನವರು 1939ರಲ್ಲೇ ತೀರಿಕೊಂಡರು, ಅವಧಿ ಮುಗಿದು ಬಹಳ ಕಾಲವಾಯಿತು. ಆದರೆ ಬೇರೊಬ್ಬರು ಇತ್ತೀಚೆಗೆ ಬರೆದ ನಾಟಕರೂಪ ಬಳಸಿದರೆ ಅದರ ಹಕ್ಕು ಅವರದು. ಈಗಿನ ಲೇಖಕರ ಕೃತಿಯಾದರೂ ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಆಡಿದರೆ ಕಾನೂನು ವಿನಾಯಿತಿ ಕೊಡುತ್ತದೆ. ವಿಡಿಯೊ ಮಾಡಿ ಯೂಟ್ಯೂಬ್‌ಗೆ ಏರಿಸುವುದು ಆ ವಿನಾಯಿತಿಯಲ್ಲಿ ಸೇರಿದೆ ಎಂದು ತಿಳಿಯಬೇಡಿ. ಲೇಖಕರಿಗೊಂದು ಪತ್ರ ಬರೆದು ಒಪ್ಪಿಗೆ ತರಿಸಿಕೊಳ್ಳಿ, ಹೇಗೂ ಅದು ಮರ್ಯಾದೆ.

ನಾಲ್ಕು ವರ್ಷದವನು, ಹತ್ತು ವರ್ಷದವಳು, ಜೊತೆಗೆ ಅಜ್ಜಿ. ಎಲ್ಲರೂ ಕೂರುವಂಥ ಕಾರ್ಯಕ್ರಮ ಮಾಡಲಾಗದೇ? ಯಾವ ದಿನ ಒಳ್ಳೆಯದು?
— ಅರಿವು ಕೇಂದ್ರದ ಮೇಲ್ವಿಚಾರಕಿ, ವಿರಾಜಪೇಟೆ ತಾಲ್ಲೂಕು

ಆಗುತ್ತದೆ, ಆದರೆ ಒಂದೇ ಕತೆಯನ್ನು ಒಂದು ಗಂಟೆ ಎಳೆದರೆ ಚಿಕ್ಕವರು ಎದ್ದು ಓಡುತ್ತಾರೆ, ದೊಡ್ಡವರಿಗೆ ಬೇಸರ. ಮೊದಲ 20 ನಿಮಿಷ ಎಲ್ಲರಿಗೂ ಸೇರಿ ಪಲ್ಲವಿಯಿರುವ ಕತೆ. ಆಮೇಲೆ ಆರರೊಳಗಿನವರು ಚಿತ್ರ ಬಿಡಿಸಲು ಜಗಲಿಗೆ, ದೊಡ್ಡ ಮಕ್ಕಳಿಗೆ ಒಳಗೆ ಇನ್ನೂ ಅರ್ಧ ಗಂಟೆ. ಒಬ್ಬ ಕತೆಗಾರರಿಗೆ ಇಪ್ಪತ್ತು ಮಕ್ಕಳಿಗಿಂತ ಹೆಚ್ಚು ಬೇಡ. ಮೂರನೆಯ ಸಾಲಿನವರಿಗೆ ಪುಸ್ತಕದ ಚಿತ್ರ ಕಾಣುವುದಿಲ್ಲ. ಚಾಪೆ ಹಾಸಿ, ಅಜ್ಜಿಯಂದಿರಿಗೆ ಗೋಡೆಯ ಬದಿಗೆ ಕುರ್ಚಿ ಇಡಿ.

ಕತೆ ಕನ್ನಡದಲ್ಲಿರಲಿ, ಮರುಕಳಿಸುವ ಸಾಲನ್ನು ಮಾತ್ರ ಬಂದವರ ಮನೆಮಾತಿನಲ್ಲಿ ಹೇಳಿಸಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ ಮಾತು, ಆ ಕೋಣೆಯಲ್ಲಿ ಏನಿದೆಯೋ ಅದು. ಹೇಳಿಕೊಡುವ ಕೆಲಸ ಅಜ್ಜಿಯಂದಿರದು. ಮೊದಲು ನಾಚಿದ ಮಗುವೂ ತನ್ನ ಅಜ್ಜಿಯ ಮಾತು ಎಲ್ಲರ ಬಾಯಲ್ಲಿ ಬಂದಾಗ ಮುಂದೆ ಸರಿದು ಕೂರುತ್ತದೆ.

ಮೈದಾ ಅಂಟು ಮತ್ತು ತಿಂಡಿ ಕಪಾಟುಗಳ ಹತ್ತಿರ ಬರಕೂಡದು, ಬೆಳ್ಳಿಮೀನು ಹುಳ, ಇರುವೆ, ಇಲಿ ಅದರ ಹಿಂದೆಯೇ ಬರುತ್ತವೆ. ಬಾಗಿಲಲ್ಲಿ ಕೊಡೆಗೊಂದು ಬಕೆಟ್ ಇಡಿ. ಕತೆ ಮುಗಿದೊಡನೆ ಆ ದಿನದ ಕತೆಗೆ ಹತ್ತಿರದ ಹದಿನೈದು ಪುಸ್ತಕ ಚಾಪೆಯ ಮೇಲೆಯೇ ಹರಡಿ. ‘ಓದುವ ಬೆಳಕು’ ಯೋಜನೆಯಲ್ಲಿ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಅರ್ಜಿಗಳನ್ನು ಅಲ್ಲೇ ತುಂಬಿಸಿ, ನಾಳೆ ಬನ್ನಿ ಎಂದು ಕಳುಹಿಸಿದವರಲ್ಲಿ ಹೆಚ್ಚಿನವರು ಬರುವುದಿಲ್ಲ.

ದಿನದ ವಿಚಾರ: ನವೆಂಬರ್‌ನಲ್ಲಿ ಅರೇಬಿಕಾ ಕಾಫಿ ಹಣ್ಣಿನ ಕೊಯ್ಲು ಶುರುವಾಗುತ್ತದೆ, ಹಿಂದೆಯೇ ಹುತ್ತರಿ (ಸುಗ್ಗಿ ಹಬ್ಬ), ಆಮೇಲೆ ರೊಬಸ್ಟಾ ಕಾಫಿ. ಕೆಲಸದ ದಿನ ಬೆಳಗ್ಗೆ ಇಟ್ಟರೆ ತೋಟದ ಲೈನಿನ (ಕಾರ್ಮಿಕರ ಸಾಲುಮನೆಗಳ) ಮಕ್ಕಳಾಗಲಿ ತಾಯಂದಿರಾಗಲಿ ಬರಲಾರರು. ಸಂತೆಯ ದಿನ, ಅಂದರೆ ಮಡಿಕೇರಿಗೆ ಶುಕ್ರವಾರ, ಗೋಣಿಕೊಪ್ಪಲಿಗೆ ಭಾನುವಾರ, ಪೇಟೆಗೆ ಹೇಗೂ ಬರುವವರು ಹತ್ತು ನಿಮಿಷ ಹೊಕ್ಕು ನೋಡುವ ಪ್ರದರ್ಶನಕ್ಕೆ ಒಳ್ಳೆಯದು. ಕೂತು ಕೇಳುವ ಕಾರ್ಯಕ್ರಮಕ್ಕಲ್ಲ, ಅವರ ಕೈಯಲ್ಲಿ ಚೀಲ, ಮನಸ್ಸು ಬಸ್ಸಿನ ಕಡೆ. ಯಾವ ದಿನವಾದರೂ ಸಂಜೆ 4ಕ್ಕೆ ಮುಗಿಸಿ. ಆರಕ್ಕೆಲ್ಲ ಕತ್ತಲಾಗುತ್ತದೆ, ಆನೆ ಓಡಾಡುವ ದಾರಿಯಲ್ಲಿ ಮಕ್ಕಳನ್ನು ನಡೆಸಬಾರದು.

ನಾವು ಕಳಿಸಿದ ಬರಹ ಫ್ಲೆಕ್ಸ್‌ನಲ್ಲಿ ಒತ್ತಕ್ಷರ ಒಡೆದು ಬಂತು. ಯಾಕೆ?
— ಓದುಗರು, ಕುಶಾಲನಗರ

ನೀವು ಮೊಬೈಲಿನಲ್ಲಿ ಬರೆದದ್ದು ಯೂನಿಕೋಡ್, ಅಂದರೆ ಎಲ್ಲ ಸಾಧನಗಳಿಗೂ ಸಮಾನವಾದ ಅಕ್ಷರ ಸಂಕೇತ. ಅಂಗಡಿಯ ಹಳೆಯ ವಿನ್ಯಾಸ ತಂತ್ರಾಂಶ ಅದನ್ನು ಜೋಡಿಸಲಾರದು, ಅಥವಾ ಅವರು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಕೆಡುತ್ತದೆ. ಬರಹವನ್ನು ಪಿಡಿಎಫ್ ಮಾಡಿ ಕೊಡಿ, ಅಥವಾ ಅವರಲ್ಲೇ ಮತ್ತೆ ಟೈಪ್ ಮಾಡಿಸಿ. ಪಿಡಿಎಫ್ ಕೊಟ್ಟಾಗಲೂ ಮುದ್ರಣಕ್ಕೆ ಮೊದಲು ಕರಡನ್ನು ಪರದೆಯ ಮೇಲೆ ನೋಡದೆ ಒಪ್ಪಬೇಡಿ. ಅರ್ಕಾವೊತ್ತು ಇರುವ ಪದಗಳನ್ನೇ ಮೊದಲು ನೋಡಿ, ‘ಕಾರ್ಯಕ್ರಮ’ ಸರಿಯಿದ್ದರೆ ಉಳಿದದ್ದು ಬಹುಮಟ್ಟಿಗೆ ಸರಿಯಿರುತ್ತದೆ. ನಮ್ಮ ಲಿಪಿಯಲ್ಲಿ ಒತ್ತು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಧಾರಾಳ ಜಾಗ ಬಿಡಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ತಾರೀಕು, ವೇಳೆ, ಜಾಗ ಈ ಮೂರೂ ಗಣ್ಯರ ಹೆಸರಿಗಿಂತ ದಪ್ಪ ಅಕ್ಷರದಲ್ಲಿರಲಿ.