ಎನ್‌ಎಸ್‌ಎಸ್‌ ಸೇರಬಹುದಾ ಅಂತ ಕೇಳಿದವರಿಗೆ

ಬಿಕಾಂ ಮೊದಲ ವರ್ಷ, ಎನ್‌ಎಸ್‌ಎಸ್‌ (ಕಾಲೇಜಿನಲ್ಲಿ ಸಮಾಜಸೇವೆ ಮಾಡಿಸುವ ರಾಷ್ಟ್ರೀಯ ಸೇವಾ ಯೋಜನೆ) ಸೇರಿದರೆ ಓದು ಹಾಳಾಗುತ್ತಾ ಅಂತ ಕೇಳಿದ್ದೀರಲ್ವಾ, ಸುಮ್ನೆ ಸೇರಿಬಿಡಿ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನದ ಒಂದು ಶಿಬಿರ. ವಾರಕ್ಕೆ ಎರಡೂವರೆ ಗಂಟೆಯೂ ಆಗುವುದಿಲ್ಲ. ಪೊರಕೆ ಹಿಡಿದು ಫೋಟೋ ತೆಗೆಸಿಕೊಳ್ಳುವುದೂ ಇರುತ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ಶಿಬಿರ ಮಾತ್ರ ತಪ್ಪಿಸಬೇಡಿ. ನಾವು ಒಂದು ಹಳ್ಳಿಯ ಶಾಲೆಯಲ್ಲಿ ಉಳಿದಿದ್ದೆವು, ಬೆಳಿಗ್ಗೆ ಚರಂಡಿ ಹೂಳು ಎತ್ತಿ ಮಧ್ಯಾಹ್ನ ಮನೆ ಮನೆ ಸರ್ವೆಗೆ ಹೋದರೆ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಮಡಚಿ ಮಡಚಿ ಹರಿದಿದ್ದ ಪಿಂಚಣಿ ಕಾಗದ ಮುಂದಿಟ್ಟರು. ಬ್ಯಾಂಕಿನ ಲೆಕ್ಕ ಓದುವ ನಮಗೆ ಅದರ ತಲೆಬುಡ ಅರ್ಥ ಆಗಲಿಲ್ಲ! ಮರುದಿನ ಅವರ ಜೊತೆ ನಾಡಕಚೇರಿಗೆ ಹೋಗಿ ಕೇಳಿ ತಿಳಿದುಕೊಂಡೆವು.

ಹಾಂ, ಮಾಡಿದ ಗಂಟೆಗಳನ್ನು ಅವತ್ತವತ್ತೇ ಡೈರಿಯಲ್ಲಿ ಬರೆದು ಮೇಷ್ಟ್ರ ಸಹಿ ಹಾಕಿಸಿಕೊಳ್ಳಿ, ಸರ್ಟಿಫಿಕೇಟ್ ಹೊತ್ತಿಗೆ ಬೇಕಾಗುತ್ತದೆ.