ಓದುಗರ ಪ್ರಶ್ನೆ: ದೆಗೆಮದ ಹತ್ತು ಸ್ವರ

ಪ್ರಶ್ನೆ: ನೈಜೀರಿಯಾದ ದೆಗೆಮ ನುಡಿಯನ್ನು ಹಳೆಯ ಪುಸ್ತಕಗಳು ‘ಕ್ವಾ’ ಗುಂಪಿಗೆ ಸೇರಿಸುತ್ತವೆ, ಹೊಸವು ‘ಬೆನ್ಯೂ–ಕಾಂಗೊ’ ಎನ್ನುತ್ತವೆ. ಯಾವುದು ಸರಿ? ಹತ್ತು ಸ್ವರಗಳಿವೆ ಎಂಬುದು ಅಂಥ ದೊಡ್ಡ ವಿಷಯವೇ? ಕನ್ನಡದಲ್ಲೂ ಅ, ಆದಿಂದ ಒ, ಓವರೆಗೆ ಹತ್ತಿವೆಯಲ್ಲ? (ಮುಳಬಾಗಿಲಿನ ಓದುಗರು)

ಉತ್ತರ: ಹೊಸದನ್ನೇ ನಂಬಿ. ಭಾಷಾವಿಜ್ಞಾನಿ ಗ್ರೀನ್‌ಬರ್ಗ್ 1963ರಲ್ಲಿ ದೆಗೆಮ ಸೇರುವ ಎಡೋ ನುಡಿಗಳ ಗುಂಪನ್ನು ಕ್ವಾದಲ್ಲಿಟ್ಟಿದ್ದರು, ಆ ಗೆರೆ ಆಮೇಲೆ ಬದಲಾಗಿ ಅದು ಬೆನ್ಯೂ–ಕಾಂಗೊಗೆ ಸೇರಿತು. ಈ ಗುಂಪಿಗೇ ಎಡಾಯ್ಡ್ ಕುಟುಂಬವೆಂದು ಹೆಸರು; ಅದರೊಳಗೆ ಭಾಷಾವಿಜ್ಞಾನಿ ಬೆನ್ ಎಲುಗ್ಬೆ ಗುರುತಿಸಿದ ಕವಲುಗಳು ನಾಲ್ಕು. ಡೆಲ್ಟಾ ಕವಲಿನಲ್ಲಿ ದೆಗೆಮ, ಎಂಗೆನ್ನಿ, ಎಪಿಯೆ ಇವೆ. ಪಕ್ಕದ ಕಲಾಬರಿ ಮಾತ್ರ ಇಜೊ ಕುಟುಂಬದ್ದು. ನೆರೆಯದೆಂದು ನೆಂಟನೆನ್ನಬೇಡಿ.

ಇನ್ನು ಸ್ವರ. ಕನ್ನಡದ ಹತ್ತು ಎಂದರೆ ಐದೇ ದನಿ, ಗಿಡ್ಡ–ಉದ್ದ ಸೇರಿ ಹತ್ತು (ಅ–ಆ ನಡುವೆ ಗುಣವೂ ಕೊಂಚ ಬೇರೆ, ಅದಿರಲಿ). ದೆಗೆಮದ ಹತ್ತೂ ಬೇರೆ ಬೇರೆ ಗುಣದವು, ಐದೈದರ ಎರಡು ತಂಡ. ಒಂದರಲ್ಲಿ ನಾಲಿಗೆಯ ಬುಡ ಮುಂದಕ್ಕೆ ಸರಿದು ಗಂಟಲು ಅಗಲವಾಗುತ್ತದೆ, ಇನ್ನೊಂದರಲ್ಲಿ ಹಾಗಾಗುವುದಿಲ್ಲ. ಒಂದು ಸರಳ ಪದದೊಳಗೆ ಸಾಮಾನ್ಯವಾಗಿ ಒಂದೇ ತಂಡದ ಸ್ವರಗಳು ಬರುತ್ತವೆ. ನಿಮ್ಮ ಕಡೆಯ ತೆಲುಗಿನಲ್ಲಿ ‘ಪಿಲ್ಲಿಕಿ’, ಆದರೆ ‘ಆವುಕು’ ಅಲ್ಲವೇ? ಹಿಂದಿನ ಸ್ವರ ನೋಡಿ ಪ್ರತ್ಯಯ ಬಣ್ಣ ಬದಲಿಸುತ್ತದೆ. ದೆಗೆಮದಲ್ಲಿ ಪದದ ಮುಂದೆ ಅಂಟುವ ‘ಅವನು/ಅವಳು’ ಎಂಬ ಒಂದಕ್ಷರದ ಗುರುತೂ ಹೀಗೆಯೇ: ಧಾತುವಿನ ಸ್ವರ ನೋಡಿ ಮೊದಲ ತಂಡದ ಮುಚ್ಚಿದ ‘ಒ’ ಅಥವಾ ಎರಡನೆಯದರ ತೆರೆದ ‘ಒ’ ಆಗುತ್ತದೆ. ಅಂದರೆ ಬಾಯಿ ತೆರೆಯುವ ಮೊದಲೇ ಮುಂದಿನ ಧಾತು ಗೊತ್ತಿರಬೇಕು. ರೋಮನ್ ಲಿಪಿಯಲ್ಲಿ ಬರೆಯುವಾಗ ತಂಡ ತೋರಿಸಲು ಸ್ವರದಡಿ ಇಡುವ ಚುಕ್ಕೆ ಬಿಟ್ಟರೆ ಈ ಭೇದವೇ ಮಾಯ. ಕನ್ನಡ ಲಿಪಿಯಲ್ಲಿ ಏ, ಓ ಬಳಸಿ ತೋರಿಸಲು ಹೋದರೆ ಉದ್ದವೆಂದು ಓದಿಬಿಡುತ್ತೀರಿ, ಅಲ್ಲೇ ಕೆಡುತ್ತದೆ.

ಪ್ರಶ್ನೆ: ದೆಗೆಮದ ‘ಕ್ಪ’, ‘ಗ್ಬ’ ಉಚ್ಚರಿಸುವುದು ಹೇಗೆ? (ಗುಬ್ಬಿ)

ಉತ್ತರ: ‘ಕ್’ ಎಂದು ಆಮೇಲೆ ‘ಪ’ ಎಂದರೆ ತಪ್ಪು. ನಮ್ಮ ಒತ್ತಕ್ಷರದ ಅಭ್ಯಾಸ ಅಲ್ಲಿ ಕೈಕೊಡುತ್ತದೆ, ಕೆಲವರ ಬಾಯಲ್ಲಿ ‘ಕುಪ’ವೇ ಆಗುತ್ತದೆ. ‘ಕ’ಕ್ಕೆ ನಾಲಿಗೆಯ ಹಿಂಭಾಗ ಎತ್ತಿ ಹಿಡಿದು, ಅದನ್ನು ಬಿಡದೆ ತುಟಿ ಮುಚ್ಚಿ, ಎರಡನ್ನೂ ಒಟ್ಟಿಗೆ ಬಿಡಿ. ಇದು ಒಂದೇ ವ್ಯಂಜನ. ದೆಗೆಮದ ಒಳಸೆಳೆವ ‘ಬ’, ‘ಡ’ಗಳಿಗೆ ಗಂಟಲಮಣಿಯ ಮೇಲೆ ಬೆರಳಿಡಿ: ದನಿ ಹೊರಡುತ್ತಲೇ ಮಣಿ ಕೆಳಗಿಳಿಯಬೇಕು. ಇಳಿಯದಿದ್ದರೆ ನೀವು ಹೇಳಿದ್ದು ನಮ್ಮ ಮಾಮೂಲಿ ‘ಬ’. ಸಿಂಧಿ ಮಾತನಾಡುವವರು ಸಿಕ್ಕರೆ ಅವರ ಬಾಯಲ್ಲಿ ಕೇಳಿ, ಆ ಭಾಷೆಯಲ್ಲೂ ಇಂಥವು ಇವೆ.